ಹಗಲಲ್ಲೇ ದೀಪ ಹಚ್ಚಿಕೊಂಡು ಬಂದ ಲಾರಿಗಳು

ಫೋನುಗಳು ಇನ್ನೂ ಜೇಬಿಗೆ ಬಂದಿರಲಿಲ್ಲ. ಘಟ್ಟದ ಸುದ್ದಿಯನ್ನು ಲಾರಿಗಳೇ ತರುತ್ತಿದ್ದ ಕಾಲ ಅದು. ಯಲ್ಲಾಪುರದ ಹೆದ್ದಾರಿ ಪಕ್ಕ ಅಪ್ಪನ ಚಾ ಹೋಟೆಲು. ಅಂಕೋಲೆಯಿಂದ ಅರಬೈಲು ಘಟ್ಟ ಹತ್ತಿ ಬರುವ ಡ್ರೈವರುಗಳು ಮಂಜಿನಲ್ಲಿ ಹಚ್ಚಿದ ಹೆಡ್‌ಲೈಟು ಆರಿಸಲು ಮರೆತುಬಿಡುತ್ತಿದ್ದರು. ಹೋಟೆಲಿನ ಮುಂದೆ ಕೂತವರು ಬೆರಳು ಮುಚ್ಚಿ ತೆರೆದು ‘ಲೈಟು, ಲೈಟು’ ಎಂದು ಸನ್ನೆ ಮಾಡಬೇಕು. ನನಗೂ ಅದೇ ಆಟ.

ಪೂರ್ತಿ ಆಟವೂ ಅಲ್ಲವೆನ್ನಿ. ಬೇಸಿಗೆಯಲ್ಲಿ ಅಪ್ಪನ ಹತ್ತಿರ ಜಗಳವಾಡಿ ಅಂಕೋಲೆಯ ಅಜ್ಜನ ಮನೆಗೆ ಹೋದ ಅಮ್ಮ, ನಮ್ಮ ಆಯಿ, ಶಾಲೆ ಶುರುವಾದರೂ ಬಂದಿರಲಿಲ್ಲ. ಕೇಳಿದಾಗಲೆಲ್ಲ ಅಪ್ಪ ಬನ್ಸಿನ ಹಿಟ್ಟು ನಾದುತ್ತ, “ಘಟ್ಟದಲ್ಲಿ ಮಂಜು ಕೂಸೇ. ಮಂಜು ಹರಿಲಿ, ಆಯಿ ಬತ್ತು” ಅನ್ನುತ್ತಿದ್ದ. ನಂಬಿದೆ. ಅಂಕೋಲೆಯೂ ಮಂಜಿನಲ್ಲಿ ಮುಳುಗಿದೆ, ಆಯಿಗೆ ಬಸ್‌ಸ್ಟ್ಯಾಂಡಿನ ದಾರಿಯೇ ಕಾಣುತ್ತಿಲ್ಲ ಎಂದುಕೊಂಡೆ. ದೀಪವಿಲ್ಲದ ಲಾರಿ ಬಂತೆಂದರೆ ಮಂಜು ಹರಿಯಿತೆಂದು ಒಳಗೆ ಓಡಿ ಅವಳ ಬಟ್ಟಲು ತೊಳೆದಿಡುತ್ತಿದ್ದೆ. ಮರುದಿನ ನೋಡಿದರೆ ಮತ್ತೆ ದೀಪ. ಹಾಳಾದ ಮಂಜು! ಗೆಳತಿಯರು ಕುಂಟಾಬಿಲ್ಲೆಗೆ ಕರೆದರೂ ಹೋಗುತ್ತಿರಲಿಲ್ಲ.

ಶ್ರಾವಣದ ಒಂದು ಬೆಳಿಗ್ಗೆ ಅಪ್ಪ ಬನ್ಸಿನ ಪೊಟ್ಟಣ ಕೈಗಿಟ್ಟು, ಅಂಕೋಲೆಗೆ ಹೋಗಿ ಸಂಜೆಗೆ ತಿರುಗಿ ಬರುವ ಹೋಟೆಲಿನ ಖಾಯಂ ಗಿರಾಕಿ ಕರೀಂ ಕಾಕಾನ ಲಾರಿ ಹತ್ತಿಸಿದ. “ಆಯಿನ ಕರಕಂಡೇ ಬಾ” ಎಂದು ರಸ್ತೆಯ ಆಚೆ ನೋಡುತ್ತ ಹೇಳಿದ.

ಘಟ್ಟದ ನೆತ್ತಿಯಲ್ಲಿ ಮುಂದಿನ ದಾರಿಯೇ ಕಾಣದಷ್ಟು ಮಂಜು. ಡೀಸೆಲ್ಲಿನ ವಾಸನೆ, ಒದ್ದೆ ಎಲೆಯ ವಾಸನೆ. ಕಾಕಾ ತಲೆ ಹೊರಗೆ ಹಾಕಿ, ತಿರುವು ತಿರುವಿಗೂ ಹಾರ್ನ್ ಹೊಡೆಯುತ್ತ ಇಳಿಸಿದ. ಕೆಲವೇ ತಿರುವು, ಮಂಜು ಮುಗಿದೇ ಹೋಯಿತು! ಕೆಳಗೆ ಗದ್ದೆ, ಮಳೆ ನಿಂತು ಹೊಳವಾದ ಬಿಸಿಲು.

“ಕಾಕಾ, ಮಂಜು ಎಲ್ಲಿ ಹೋಯ್ತು?”

“ಅದು ಘಟ್ಟದ್ದಷ್ಟೇ ಮಗಾ. ಕಡಲ ಗಾಳಿ ಗುಡ್ಡಕ್ಕೆ ಬಡಿದು ಮೇಲೆ ಹತ್ತಬೇಕು, ಅಲ್ಲಿಯ ತಂಪಿಗೆ ಮಂಜಾಗ್ತದೆ. ಅಂಕೋಲೆಗೆ ಎಲ್ಲಿಂದ ಬರಬೇಕು? ಬಸ್ಸು ದಿನಾ ಓಡಾಡ್ತದಲ್ಲ!” ಎಂದು ಕಾಕಾ ನಕ್ಕ. ಹಾಗಾದರೆ ಆಯಿಗೆ ಬಸ್‌ಸ್ಟ್ಯಾಂಡಿನ ದಾರಿ ಕಾಣುತ್ತಿತ್ತು.

ಅಜ್ಜನ ಮನೆಯ ಅಂಗಳದಲ್ಲಿ ಆಯಿ ಬಟ್ಟೆ ಒಣಹಾಕುತ್ತಿದ್ದಳು. ಅಪ್ಪಿಕೊಂಡಳು. ಕೊಬ್ಬರಿ ಎಣ್ಣೆಯ ಅದೇ ಪರಿಮಳ.

“ಆಯಿ, ಇಲ್ಲಿ ಮಂಜೇ ಇಲ್ಲೆ.”

“ಇಲ್ಲಿಗೆಂತಾ ಮಂಜು? ಯಾರು ಹೇಳಿದ್ದು ನಿಂಗೆ?”

“ಅಪ್ಪ.”

ಆಯಿ ಹಿಂಡಿದ ಸೀರೆಯನ್ನೇ ಮತ್ತೆ ಮತ್ತೆ ಹಿಂಡಿದಳು. ಆಮೇಲೆ, “ಊಟ ಮಾಡ್ಕಂಡು ಕಾಕಾನ ಜೊತಿಗೆ ಹೋಗು ಕೂಸೇ. ಆನು ಬತ್ನಿಲ್ಲೆ” ಎಂದಳು.

ಇನ್ನೂ ಬೆಳಕಿರುವಾಗಲೇ ಲಾರಿ ಹೋಟೆಲಿನ ಮುಂದೆ ನಿಂತಿತು. ಅಪ್ಪ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ. ನನ್ನ ಹಿಂದೆ ಯಾರೂ ಇಳಿಯಲಿಲ್ಲ.

“ಘಟ್ಟದಲ್ಲಿ ರಾಶಿ ಮಂಜಿತ್ತು ಅಪ್ಪಾ” ಎಂದೆ.

“ಹೌದ” ಎಂದ ಅಪ್ಪ, ಕಾಕಾನ ಕಡೆ ತಿರುಗಿ ಬೆರಳು ಮುಚ್ಚಿ ತೆರೆದು ಲೈಟಿನ ಸನ್ನೆ ಮಾಡಿದ.

ಈಗಿನ ಎಷ್ಟೋ ಗಾಡಿಗಳಲ್ಲಿ ಹಗಲೂ ದೀಪ ಉರಿಯುತ್ತಲೇ ಇರುತ್ತದೆ, ಸನ್ನೆ ಮಾಡುವವರಿಲ್ಲ. ಅಪ್ಪನೂ ಇಲ್ಲ, ಹೋಟೆಲೂ ಇಲ್ಲ. ಅರಬೈಲಿನ ಮಂಜು ಮಾತ್ರ ಇದೆ. ಆದರೆ ಯಾರಾದರೂ ಬರಲಿಲ್ಲವೆಂದು ಅದನ್ನು ಬೈಯುವ ಸುಖ ಆ ದಿನವೇ ಹೋಯಿತು.