ಮಂದಿಯ ಕುರ್ಚಿ, ಮಂದಿಯ ದುಡ್ಡು

ಅತ್ತೆಯ ಅಂಗಡಿಯ ಜಂತೆಗೆ ನೇತುಹಾಕಿದ್ದ ಕುರ್ಚಿಗಳೆಲ್ಲ ಅವಳವೇ ಎಂದು ನಾನು ಬಹಳ ಕಾಲ ನಂಬಿದ್ದೆ. "ನಮ್ಮತ್ತೆ ದೊಡ್ಡ ಕುಳ" ಎಂದು ಆಫೀಸಿನಲ್ಲಿ ಕೊಚ್ಚಿಕೊಂಡೂ ಆಗಿತ್ತು. ಅವು ರಿಪೇರಿಗೆ ಬಂದ ಮಂದಿಯ ಕುರ್ಚಿಗಳು, ಕೆಳಗೆ ಜಾಗವಿಲ್ಲದೆ ಮೇಲೇರಿದ್ದವು ಎಂದು ತಿಳಿದದ್ದು, ನನ್ನ ಬಾಡಿಗೆ ರೂಮಿಗೆ ಒಂದನ್ನು ಕೇಳಿ ಬೈಸಿಕೊಂಡ ಮೇಲೆ. ಸಂಬಳ ಬಂದ ವಾರದಲ್ಲೇ ಜೇಬು ಝಾಡಿಸುವ ನನಗೆ, ಯಾವುದು ಯಾರದ್ದು ಎಂಬ ತಿಳಿವಳಿಕೆ ಮೊದಲಿಂದಲೂ ಅಷ್ಟಕ್ಕಷ್ಟೇ.

ಅತ್ತೆ ಹಾಗಲ್ಲ. ಗಿರಾಕಿ ಮುಂಗಡ ಕೊಟ್ಟರೆ ಅದರಲ್ಲಿ ಅವರ ಬಟ್ಟೆ, ಸ್ಪಂಜನ್ನೇ ತರುತ್ತಿದ್ದಳು. ಹೊಸ ಬಟ್ಟೆ ಬಾರದೆ ಹಳೆಯ ಹೊದಿಕೆಗೆ ಕತ್ತರಿ ಹಾಕುತ್ತಿರಲಿಲ್ಲ. "ಕುರ್ಚಿ ಬಾಗಿಲು ದಾಟೋವರೆಗೂ ಅದು ಅವರ ದುಡ್ಡು" ಎನ್ನುತ್ತಿದ್ದಳು.

ಅವಳು ಮಣಿಕಟ್ಟು ಮುರಿದುಕೊಂಡು ಮನೆಯಲ್ಲಿ ಕೂತಾಗ ಅಂಗಡಿ ನೋಡಿಕೊಂಡವನು ಅವಳ ತಮ್ಮ, ಅಂದರೆ ನನ್ನ ಚಿಕ್ಕಪ್ಪ. ಅವಳು ಮರಳಿದ ದಿನ ಚೀಲ ಹಿಡಿದು ನಾನೂ ಹಿಂದೆ ಇದ್ದೆ. ಅಂಗಡಿಗೆ ಥಳಥಳಿಸುವ ಗಾಜಿನ ಮುಂಭಾಗ ಬಂದಿತ್ತು. ಒಳಗೆ ಕುರ್ಚಿಗಳೆಲ್ಲ ಬೋಳು. ಚಿಕ್ಕಪ್ಪ ಹಳೆಯ ಹೊದಿಕೆ ಸುಲಿದಿಟ್ಟಿದ್ದ, ಹೊದಿಸಲು ಒಂದು ಮೊಳ ಹೊಸ ಬಟ್ಟೆಯಿರಲಿಲ್ಲ.

"ಬಟ್ಟೆ ಎಲ್ಲೋ?"

"ಬರತ್ತಕ್ಕ. ಹೊಸಬರ ಮುಂಗಡ ಸಿಕ್ಕಿದ ತಕ್ಷಣ ಹಳಬರಿಗೆ ತರ್ತೀನಿ. ವ್ಯಾಪಾರ ಅಂದ್ರೆ ದುಡ್ಡು ತಿರುಗಿಸಬೇಕು."

"ಯಾರಪ್ಪನ ದುಡ್ಡೋ ಅದು? ಗಿರಾಕಿಗಳ ಮನೇಲಿ ವಯಸ್ಸಾದೋರು ಕುರ್ಚಿ ಇಲ್ಲದೆ ನೆಲದ ಮೇಲೆ ಕೂತಿದ್ದಾರೆ, ನಿನಗೆ ಗಾಜು ಬೇಕಾಯ್ತಾ?"

"ಮೆಲ್ಲಗೆ ಅಕ್ಕ, ಬೀದೀಲಿ ಜನ ನೋಡ್ತಿದ್ದಾರೆ."

"ನೋಡ್ಲಿ! ನೀನೇ ಹಾಕಿಸಿದ ಗಾಜು, ಚೆನ್ನಾಗಿ ಕಾಣ್ಲಿ!"

ನಾನು ನಕ್ಕುಬಿಟ್ಟೆ. ನನಗೂ ಪಾಲು ಸಿಕ್ಕಿತು. "ಹಲ್ಲು ಕಿರೀಬೇಡ. ನೀನೂ ಇವನ ಶಿಷ್ಯನೇ."

ಆ ಸಿಟ್ಟಿನಲ್ಲೇ ಗಾಜು ಬಿಚ್ಚಿಸಿ ಮಾರಿದಳು. ಅರ್ಧ ಬೆಲೆಯೂ ಹುಟ್ಟಲಿಲ್ಲ. ಚಿಕ್ಕಪ್ಪನ ಬೈಕೂ ಹೋಯಿತು. ಆದರೂ ಎಲ್ಲರ ಬಟ್ಟೆಗೆ ಸಾಲಲಿಲ್ಲ. ಅಂಗಡಿಯ ಹೆಸರು ಉಳಿಯುವುದೋ ಇಲ್ಲವೋ ಎಂಬ ಸ್ಥಿತಿ. ತಮ್ಮನನ್ನು ಎಳೆದುಕೊಂಡು ಗಿರಾಕಿಗಳ ಮನೆಮನೆಗೆ ಹೋಗಿ, ಆದದ್ದು ಹೀಗೆ ಎಂದು ಹೇಳಿದಳು. ಒಬ್ಬ ಮೇಷ್ಟ್ರು ಬಾಗಿಲಲ್ಲೇ ಬಾಯಿಗೆ ಬಂದಂತೆ ಬೈದರು. ತಲೆತಗ್ಗಿಸಿ ಕೇಳಿಸಿಕೊಂಡಳು, ಬೀದಿಗೆ ಇಳಿದ ಮೇಲೆ ಅಷ್ಟನ್ನೂ ಬಡ್ಡಿ ಸೇರಿಸಿ ತಮ್ಮನಿಗೆ ದಾಟಿಸಿದಳು. ಬೈದವರ ಕುರ್ಚಿ ಮೊದಲು ಮುಗಿಯಿತು, ಅವರು ಕೊಟ್ಟ ಬಾಕಿ ಹಣದಲ್ಲಿ ಕಾಯಲು ಒಪ್ಪಿದವರದ್ದು ಆಮೇಲೆ. ಹಳೆಯ ಕುರ್ಚಿಗಳೆಲ್ಲ ಬಾಗಿಲು ದಾಟುವವರೆಗೆ ಹೊಸ ಮುಂಗಡ ಮುಟ್ಟಲಿಲ್ಲ.

ಈಗ ಅಂಗಡಿ ನಡೆಯುತ್ತಿದೆ. ಚಿಕ್ಕಪ್ಪ ಮೂಲೆಯಲ್ಲಿ ಕೂತು ಹೊಲಿಯುತ್ತಾನೆ. ಮೊನ್ನೆ ಬಾಯಿ ತಡೆಯದೆ, ಅವನ ಎದುರಿಗೇ ಕೇಳಿದೆ: "ಅತ್ತೆ, ಇಷ್ಟೆಲ್ಲ ಆದ್ಮೇಲೂ ಚಿಕ್ಕಪ್ಪನ್ನ ಇಟ್ಕೊಂಡಿದ್ದೀಯಲ್ಲ, ಕ್ಷಮಿಸಿಬಿಟ್ಯಾ?"

ಅವಳು ದಾರವನ್ನು ಹಲ್ಲಿನಿಂದ ಕಡಿದಳು.

"ಕ್ಷಮೆಯಂತೆ! ಹೊರಗೆ ಬಿಟ್ರೆ ಇನ್ನೊಬ್ಬರ ಗಲ್ಲಾಪೆಟ್ಟಿಗೆಗೆ ಕೈ ಹಾಕ್ತಾನೆ. ಇಲ್ಲಿದ್ರೆ ಆ ಕೈಯಲ್ಲಿ ಸೂಜಿ ಇರತ್ತೆ."