ನಾನು ಕೀಳದ ಪ್ಲಗ್ಗು

ಪ್ಲಗ್ಗು ಕೀಳಲು ಹೇಳಿದ್ದಿರಿ, ಅಕ್ಕಾರೆ. ನಾನು ಕಿತ್ತಿರಲಿಲ್ಲ. ಕಿತ್ತಿದ್ದೇನೆ ಎಂದು ಸುಳ್ಳು ಹೇಳಿದೆ. ಆಮೇಲೆ ಅದಕ್ಕಿಂತ ದೊಡ್ಡದೊಂದು ಸುಳ್ಳು — ಅದನ್ನು ನೀವೂ ಕೇಳಿಸಿಕೊಂಡಿರಿ.

ಮಸ್ಕಿಯ ಆ ಕಂಪ್ಯೂಟರ್ ಸೆಂಟರಿನಲ್ಲಿ ನೀವು ಕಲಿಸುತ್ತಿದ್ದಿರಿ. ನಾನು ಡಿಗ್ರಿ ಮುಗಿಸಿ ಸೇರಿದ್ದೆ. ಕರೆಂಟ್ ಇದ್ದಾಗ ಟೈಪಿಂಗಿನವರಿಗೆ ಯಂತ್ರ ಬೇಕು, ಹಾಗಾಗಿ ಅದನ್ನು ಬಿಚ್ಚಿ ಜೋಡಿಸುವ ಪಾಠವೆಲ್ಲ ಕರೆಂಟ್ ಹೋದಾಗಲೇ. ಆದರೂ ನಿಮ್ಮ ಕ್ರಮ ಬದಲಾಗುತ್ತಿರಲಿಲ್ಲ — ಮೊದಲು ಗೋಡೆಯ ಪ್ಲಗ್ಗು ಕೀಳಬೇಕು, ಪವರ್ ಬಟನ್ ಒತ್ತಿ ಹಿಡಿಯಬೇಕು, ಕ್ಯಾಬಿನೆಟ್ಟಿನ ಬರಿ ಲೋಹ ಮುಟ್ಟಬೇಕು, ಆಮೇಲೆ ರ‍್ಯಾಮು, ಹಾರ್ಡ್‌ಡಿಸ್ಕು.

"ಕರೆಂಟ್ ಹೋಗ್ಯದಲ್ರೀ" ಎಂದು ನಾವು ನಗುತ್ತಿದ್ದೆವು.

"ಹೋಗಿದ್ದು ನಿನ್ನ ಕೇಳಿ ಬರ್ತದೇನಬೇ?" ಎನ್ನುತ್ತಿದ್ದಿರಿ.

ನನ್ನ ಕಣ್ಣು ಮಾತ್ರ ಪವರ್ ಸಪ್ಲೈ ಡಬ್ಬಿಯ ಮೇಲೆ. ಅದನ್ನು ಬಿಚ್ಚಬಾರದೆಂದು ನೀವು ಹೇಳಿದಷ್ಟೂ — ಒಳಗೆ ಏನಿರಬಹುದು? ಒಂದು ಮಧ್ಯಾಹ್ನ ಕಾಡಿ ಬೇಡಿ ಒಪ್ಪಿಸಿದೆ. ಡಬ್ಬಿಯನ್ನು ಹೊರತೆಗೆದು ಮೇಜಿನ ಮೇಲಿಟ್ಟಿರಿ. ಅದರ ಹಿಂದಿನಿಂದ ಗೋಡೆಗೆ ಹೋಗುವ ವೈರು ಬಿಗಿಯಾಗಿ ಕಚ್ಚಿಕೊಂಡಿತ್ತು, ಬರಲಿಲ್ಲ.

"ಗೋಡಿ ಪ್ಲಗ್ ಕಿತ್ತೀಯೇನವಾ?"

"ಕಿತ್ತೀನ್ರೀ ಅಕ್ಕಾರ."

ಕೀಳಲು ಮೇಜಿನ ಕೆಳಗೆ ನುಸುಳಬೇಕಿತ್ತು — ಅಷ್ಟರಲ್ಲಿ ನೀವು ಮುಚ್ಚಳ ತೆಗೆದುಬಿಟ್ಟರೆ? ಆ ಮೊದಲ ನೋಟ ನನಗೆ ತಪ್ಪಬಾರದಾಗಿತ್ತು. ನೋಡಿದೆ. ತಾಮ್ರದ ಸುರುಳಿ, ಪುಟ್ಟ ಡ್ರಮ್ಮಿನಂಥ ಎರಡು ಕಪ್ಪು ಕೆಪಾಸಿಟರು, ಬೂದಿಯಂಥ ಧೂಳು. ನೀವು ಬೆರಳು ಚಾಚಿ ತೋರಿಸುತ್ತಿದ್ದಿರಿ. ನಾಲ್ಕಕ್ಕೆ ಬರಬೇಕಿದ್ದ ಕರೆಂಟು ಮೂರಕ್ಕೇ ಬಂತು. ತಲೆಯ ಮೇಲೆ ಫ್ಯಾನು ತಿರುಗಿತು, ಚಟ್ಟನೆ ಒಂದು ಬೆಳಕು, ನೀವು ಹಿಂದಕ್ಕೆ ಹಾರಿ ಗೋಡೆಗೆ ಬಡಿದು ಬಿದ್ದಿರಿ.

ಆಗ ಮೇಜಿನ ಕೆಳಗೆ ನುಸುಳಿದೆ. ಸೆಂಟರಿನ ಮಾಲೀಕರು ಓಡಿಬಂದಾಗ ಪ್ಲಗ್ಗು ನನ್ನ ಕೈಯಲ್ಲಿತ್ತು.

"ಪ್ಲಗ್ ಕೀಳದ ಬಿಚ್ಚೀರೇನು?"

"ಅಕ್ಕಾರು ಕೀಳು ಅನ್ನಲಿಲ್ರೀ" ಎಂದೆ.

ನಿಮ್ಮ ಕಣ್ಣು ತೆರೆದೇ ಇತ್ತು. ನನ್ನನ್ನು ನೋಡಿದಿರಿ. ಏನೂ ಹೇಳಲಿಲ್ಲ. ಏಕೆ — ಮಾತು ಬರಲಿಲ್ಲವೋ, ನನ್ನನ್ನು ಉಳಿಸಿದಿರೋ? ಇಷ್ಟು ವರ್ಷವಾದರೂ ಅದು ನನಗೆ ತಿಳಿದಿಲ್ಲ.

ನಿಮ್ಮ ಕೆಲಸ ಹೋಯಿತು. ಲಿಂಗಸುಗೂರಿನ ಒಂದು ಸೆಂಟರಿನವರು ಕೆಲಸಕ್ಕೆ ಕರೆದಿದ್ದವರು, ಈ ಸುದ್ದಿ ಕೇಳಿ ಬೇಡವೆಂದರಂತೆ. ಬಲಗೈಯ ಎರಡು ಬೆರಳು ಮಡಚುವುದಿಲ್ಲವಂತೆ. ಎಲ್ಲ ಕೇಳಿದ್ದೇನೆ. ಸುಮ್ಮನಿದ್ದೇನೆ.

ನಾನೀಗ ಸಿಂಧನೂರಿನಲ್ಲಿ ಕಲಿಸುತ್ತೇನೆ. "ಕಿತ್ತೀನ್ರೀ" ಎಂದರೆ ಒಪ್ಪುವುದಿಲ್ಲ. ಪ್ಲಗ್ಗನ್ನು ತಂದು ನನ್ನ ಅಂಗೈಯಲ್ಲಿಡಬೇಕು.

"ನಮ್ಮ ಮ್ಯಾಲ ನಂಬ್ಕಿ ಇಲ್ಲೇನ್ರೀ ಮೇಡಂ?" ಎಂದು ನಿನ್ನೆ ಒಬ್ಬಳು ನಕ್ಕಳು.

ನಾಳೆ ಅವಳಿಗೆ ಉತ್ತರ ಕೊಡುತ್ತೇನೆ, ನಿಮ್ಮ ಹೆಸರು ಹೇಳಿ. ಆಮೇಲೆ ಮಸ್ಕಿಗೆ ಹೋಗಿ ಆ ಮಾಲೀಕರಿಗೂ ನಿಜ ಹೇಳುತ್ತೇನೆ. ಅಲ್ಲಿಂದ ನೀವೀಗ ಇರುವ ಸಂತೆಕಲ್ಲೂರಿನ ಬಸ್ಸು. ನೀವು ಬಾಗಿಲು ತೆರೆಯದಿದ್ದರೂ ಹೊರಗೆ ನಿಂತೇ ಹೇಳುತ್ತೇನೆ — ಕಿತ್ತಿರಲಿಲ್ರೀ, ಅಕ್ಕಾರ.