ಟಾವೆಲ್ಲಿನ ಅಂಚಿನಲ್ಲಿ ಚೀನಾ

ಮೂರು ವರ್ಷದ ಹಿಂದೆ ನಾನು ಚೀನೀ ಅಕ್ಷರ ಕಲಿಯಲು ಕುಳಿತೆ. ಕುಳಿತೆ ಎನ್ನುವುದೇ ಸರಿಯಾದ ಮಾತು. ಕಲಿತದ್ದು ಆಮೇಲೆ, ಅದೂ ಕುಳಿತಲ್ಲಿ ಅಲ್ಲ. ಆಗ ನನಗೆ ಐವತ್ತೊಂದು. ಇಚಲಕರಂಜಿಗೆ ಹತ್ತಿಕೊಂಡ ಕಬನೂರಿನಲ್ಲಿ ಒಂದು ಮಗ್ಗದ ಶೆಡ್ಡಿನಲ್ಲಿ ಇಪ್ಪತ್ತಾರು ವರ್ಷದಿಂದ ಜಾಬರ್ ಆಗಿದ್ದೆ. ಕೆಟ್ಟ ಮಗ್ಗ ರಿಪೇರಿ ಮಾಡುವವನಿಗೆ ನಮ್ಮಲ್ಲಿ ಹಾಗೆನ್ನುತ್ತಾರೆ. ಹೊರಗೆ ಚಹಾ ಕುಡಿಯುತ್ತ ನಿಂತು, ಒಳಗೆ ಮೂರನೇ ಮಗ್ಗದ ಪಟ್ಟಿ ಸಡಿಲಾಗಿದೆ ಎಂದು ಸದ್ದಿನ ಮೇಲೆಯೇ ಹೇಳುತ್ತಿದ್ದೆ. ಓದಿ ರಿಪೇರಿ ಮಾಡುವ ಪ್ರಸಂಗ ಎಂದೂ ಬಂದಿರಲಿಲ್ಲ. ಹತ್ತನೇ ಇಯತ್ತೆಯಲ್ಲಿ ಇಂಗ್ಲಿಷಿನಲ್ಲಿ ಎರಡು ಸಲ ಫೇಲಾದ ಮೇಲೆ ಓದಿಗೂ ನನಗೂ ಮಾತು ಬಿಟ್ಟುಹೋಗಿತ್ತು.

ನಮ್ಮ ಮಾಲಕರು ನಾಂದಣಿ ಕಡೆಯ ಜೈನರು. ಒಳ್ಳೆಯವರು, ಆದರೆ ತಲೆ ಬೇಗ ಬಿಸಿಯಾಗುತ್ತದೆ. ಅವರು ಹಳೆಯ ಟಾವೆಲ್ ಮಗ್ಗಗಳ ಪಕ್ಕದಲ್ಲಿ ನಾಲ್ಕು ಚೀನಾ ಮಗ್ಗ ತಂದು ನಿಲ್ಲಿಸಿದರು. ಯಾರೋ ಬಳಸಿ ಬಿಟ್ಟ ಮಾಲು. ಪ್ರತಿ ಮಗ್ಗಕ್ಕೂ ಅಂಗೈಯಗಲದ ಒಂದು ಪರದೆ. ಏನು ಕೆಟ್ಟರೂ ಮಗ್ಗ ನಿಂತು ಆ ಪರದೆಯ ಮೇಲೆ ಚೀನೀ ಭಾಷೆಯಲ್ಲಿ ತನ್ನ ದೂರು ಹೇಳುತ್ತದೆ. ಮೊದಲ ವಾರ ಮೊಬೈಲ್ ಹಿಡಿದು ಅದರಿಂದಲೇ ಅರ್ಥ ಕೇಳಿದೆವು. ಒಂದು ಸಲ ಅದು ಮರಾಠಿಯಲ್ಲಿ “ಅಕ್ಷಾಂಶ ತುಂಡಾಗಿದೆ” ಎಂದಿತು. ಇನ್ನೊಂದು ಸಲ “ಶಾಬ್ಬಾಸ್, ಇನ್ನೂ ಜೋರು!” ಎಂದಿತು. ಮಗ್ಗವೇ ಹುರುಪು ತುಂಬುತ್ತಿದೆ ಎಂದು ನಾವು ಮತ್ತೆ ಚಾಲೂ ಮಾಡಿ ಇನ್ನೂ ಜೋರಾಗಿ ಓಡಿಸಿದೆವು. ಅದು ಬೇಡುತ್ತಿದ್ದುದು ಎಣ್ಣೆ, ಚೀನೀಯಲ್ಲಿ ಎರಡಕ್ಕೂ ಒಂದೇ ಮಾತು ಎಂದು ತಿಳಿಯುವ ಹೊತ್ತಿಗೆ ಬೇರಿಂಗ್ ಸುಟ್ಟು ಶೆಡ್ಡಿನ ತುಂಬ ಹೊಗೆ.

ಮಾಲಕರು ಎಲ್ಲರೆದುರು ನನ್ನನ್ನು ಕರೆದರು. “ಒಂದ ತಿಂಗಳ ಕೊಡ್ತೇನಿ. ಆ ಪರದೆ ಓದಾಕ ಕಲಿ. ಇಲ್ಲಾಂದ್ರ ಡಿಪ್ಲೊಮಾ ಆದಾಂವನ್ನ ತರ್ತೇನಿ, ನೀ ಗೋಡೌನ್‌ದಾಗ ಗಠಾಣ ಎಣಸ್ಕೋತ ಕುಂದ್ರು.” ಗಠಾಣ ಎಂದರೆ ಬಟ್ಟೆಯ ಮೂಟೆ. ನನಗೆ ಅವಮಾನವಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಮಗ್ಗದ ಸದ್ದು ಕೇಳಿಸದ ಕಡೆ ಕುಳಿತು ನಾನು ಏನು ಮಾಡಲಿ?

ಮರುದಿನ ರಜೆ ಹಾಕಿ ಎಸ್‌ಟಿ ಬಸ್ಸು ಹಿಡಿದು ಕೊಲ್ಹಾಪುರಕ್ಕೆ ಹೋದೆ. ಹಳೆಯ ಪುಸ್ತಕದ ಅಂಗಡಿಯಲ್ಲಿ ಚೀನೀ ಕಲಿಸುವ ಪುಸ್ತಕ ಮೂರು ಸಿಕ್ಕವು, ಮೂರೂ ಇಂಗ್ಲಿಷ್ ಮೂಲಕ ಕಲಿಸುವಂಥವು. ಒಂದು ಮಕ್ಕಳದು, ಒಂದು ಪ್ರವಾಸಿಗಳದು, ಒಂದು ತಲೆದಿಂಬಿನಷ್ಟು ದಪ್ಪದ್ದು. ಚೀನಾಕ್ಕೆ ಹೊರಟಿರೇನು ಎಂದು ಅಂಗಡಿಯವನು ಮರಾಠಿಯಲ್ಲಿ ಕೇಳಿದ. ಇಲ್ಲ, ಕಬನೂರಿಗೆ ಎಂದೆ. ಅವನು ಪುಸ್ತಕ ಕಟ್ಟಿಕೊಟ್ಟ.

ಆಮೇಲೆ ತಯಾರಿ ಶುರುವಾಯಿತು. ಮೂರಕ್ಕೂ ಖಾಕಿ ರಟ್ಟು ಹಾಕಿ ಲೇಬಲ್ ಅಂಟಿಸಿದೆ. ಒಂದು ರವಿವಾರ ಪೂರ್ತಿ ಅಳತೆಪಟ್ಟಿ ಹಿಡಿದು ವೇಳಾಪತ್ರಿಕೆ ಗೀಚಿದೆ: ಬೆಳಿಗ್ಗೆ ಐದಕ್ಕೆ ಹೊಸ ಅಕ್ಷರ ಹತ್ತು, ಊಟದ ಬಿಡುವಿನಲ್ಲಿ ನಿನ್ನೆಯ ಹತ್ತು, ಸಂಜೆ ಮೊನ್ನೆಯ ಹತ್ತು. ಹೊಸದಕ್ಕೆ ಕೆಂಪು, ಹಳೆಯದಕ್ಕೆ ನೀಲಿ, ಮರೆತದ್ದಕ್ಕೆ ಹಸಿರು. ಐದಕ್ಕೆ ಎಚ್ಚರವಾಗದ ಕಾರಣ ಎರಡನೇ ವೇಳಾಪತ್ರಿಕೆ ಮಾಡಿದೆ. ಅದರಲ್ಲಿ ಸ್ನಾನಕ್ಕೆ ಸಮಯ ಬಿಟ್ಟುಹೋಗಿತ್ತು, ಮೂರನೆಯದು ಮಾಡಿದೆ. ಹೆಂಡತಿ ಅದೇ ಶೆಡ್ಡಿನಲ್ಲಿ ಟಾವೆಲ್ ಮಡಿಚುವ ಕೆಲಸದವಳು. ಗೋಡೆಯ ಮೇಲಿನ ಮೂರನ್ನೂ ನೋಡಿ, “ಏನ್ರೀ, ತಯಾರಿ ಅಂತೂ ಭಾಳ ಜೋರ್ ನಡದೈತಿ. ಓದೂದು ಯಾವಾಗ ಚಾಲೂ ಮಾಡ್ತೀರಿ?” ಎಂದಳು.

ಓದಿದೆ ಕೂಡ. ಮಕ್ಕಳ ಪುಸ್ತಕದಲ್ಲಿ ಇಂಗ್ಲಿಷ್ ಬಿಟ್ಟು ಚಿತ್ರದ ಮೇಲೆ ಅರ್ಥ ಮಾಡಿಕೊಳ್ಳುತ್ತ ಹೋದೆ. ಇವಳು ಅಕ್ಕ. ಅಕ್ಕನ ಕೈಯಲ್ಲಿ ಸೇಬು. ಅಕ್ಕ ಬೆಟ್ಟ ನೋಡುತ್ತಾಳೆ. ಹದಿನೈದು ದಿನದಲ್ಲಿ ಅಕ್ಕ ಸೇಬು ತಿಂದು ಬೆಟ್ಟ ಇಳಿದು ಮನೆಗೆ ಬಂದಳು, ನಮ್ಮ ಪರದೆಯ ಮೇಲೆ ಮಾತ್ರ ಒಂದು ದಿನವೂ ಬರಲಿಲ್ಲ. ಕಲಿತ ನಾಲ್ಕು ಅಕ್ಷರದಲ್ಲಿ ಎರಡು ಮರೆತಿದ್ದೆ. ಹಸಿರು ಪೆನ್ನಿನ ಶಾಯಿ ಮುಗಿದಿತ್ತು.

ಆಗ ನನಗೆ ಸಿಟ್ಟು ಬಂತು, ಸಿಟ್ಟು ಬಂದಾಗಲೇ ನನ್ನ ಬುದ್ಧಿ ಓಡುವುದು. ಅಕ್ಕನ ಸುದ್ದಿ ಬಿಟ್ಟು ಕತ್ತರಿ ತೆಗೆದುಕೊಂಡು ಚೀನಾ ಮಗ್ಗದ ಹಾಸಿನ, ಅಂದರೆ ಉದ್ದ ನೂಲಿನ, ಒಂದು ಎಳೆ ಕತ್ತರಿಸಿದೆ. ಮಗ್ಗ ನಿಂತಿತು, ಪರದೆಯ ಮೇಲೆ ಎರಡು ಅಕ್ಷರ ಬಂದವು. ಅಡ್ಡ ಹಾಯುವ ಹೊಕ್ಕಿನ ನೂಲು ಕತ್ತರಿಸಿದೆ, ಬೇರೆ ಎರಡು ಬಂದವು; ಮೊಬೈಲು ಅಕ್ಷಾಂಶ ತುಂಡಾಗಿದೆ ಎಂದದ್ದು ಇದನ್ನೇ. ಹೀಗೆ ಒಂದೊಂದೇ ಗಾಯ ಮಾಡುತ್ತ, ಅದು ಅತ್ತಂತೆಲ್ಲ ಬರೆದುಕೊಳ್ಳುತ್ತ ಹನ್ನೊಂದು ದೂರು ಕೂಡಿಸಿದೆ. ದಪ್ಪ ಪುಸ್ತಕದಲ್ಲಿ ಅಕ್ಷರದ ತುಂಡುಗಳನ್ನೆಲ್ಲ ಬಿಡಿಸಿ ಚಿತ್ರ ಹಾಕಿದ್ದರು. ಹರಿಯುವುದು, ಅಂದರೆ ತುಂಡಾಗುವುದು, ಎಂಬ ಅಕ್ಷರದಲ್ಲಿ ಒಂದು ಕಡೆ ಅಕ್ಕಿ, ಇನ್ನೊಂದು ಕಡೆ ಕೊಡಲಿ. “ಅಕ್ಕಿನ ಕೊಡ್ಲಿಲೆ ಕಡೀತಾರೇನ್ರೀ ಅವರು?” ಎಂದು ಹೆಂಡತಿ ನಕ್ಕಳು. ಆದರೆ ಹಾಸಿಗೂ ಹೊಕ್ಕಿಗೂ ಇದ್ದ ಅಕ್ಷರಗಳ ಎಡಭಾಗ ಒಂದೇ, ಅದು ನೂಲು. ಗಂಟು ಬಿದ್ದ ನೂಲು. ಅದನ್ನು ನೋಡಿ ನನಗೆ ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ. ಅಷ್ಟು ದೂರದ ಜನ ನಮ್ಮ ಕೆಲಸವನ್ನು ಅಕ್ಷರದೊಳಗೇ ಇಟ್ಟುಕೊಂಡಿದ್ದರು.

ಅರ್ಥ ಸಿಕ್ಕಿತು, ನೆನಪು ನಿಲ್ಲಲಿಲ್ಲ. ಪುಸ್ತಕದ ಕೊನೆಗೆ ಅಕ್ಷರ ತಿದ್ದಲು ಚೌಕ ಮನೆಗಳ ಹಾಳೆಗಳಿದ್ದವು. ಅವನ್ನು ಕಂಡಾಗ ನನಗೆ ಹೊಳೆದದ್ದು ಬರವಣಿಗೆ ಅಲ್ಲ, ಡಾಬಿ. ಹಳೆಯ ಮಗ್ಗದ ತಲೆಯ ಮೇಲೆ ಕೂತು ಟಾವೆಲ್ಲಿನ ಅಂಚಿಗೆ ಚಿತ್ತಾರ ತೆಗೆಯುವ ಯಂತ್ರ ಅದು. ಮರದ ಪಟ್ಟಿಗಳ ಸರಪಳಿ, ಪಟ್ಟಿಗೆ ಹದಿನಾರು ತೂತು. ಗೂಟ ಬಡಿದ ಕಡೆ ದಾರ ಏಳುತ್ತದೆ, ಬಡಿಯದ ಕಡೆ ಇಲ್ಲ. ಹೂವು, ನವಿಲು, ಗೋಪುರ, ಎಷ್ಟೋ ವರ್ಷ ಇದೇ ಚೌಕ ಮನೆಯಲ್ಲಿ ಬರೆದು ಗೂಟ ಬಡಿದಿದ್ದೆ, ಇವತ್ತಿಗೂ ಒಂದೂ ಮರೆತಿಲ್ಲ. ನನ್ನ ನೆನಪು ತಲೆಯಲ್ಲಿ ಇರಲೇ ಇಲ್ಲ. ಸುತ್ತಿಗೆ ಹಿಡಿಯುವ ಕೈಯಲ್ಲಿತ್ತು.

ಮರುದಿನದಿಂದ ದಿನಕ್ಕೊಂದು ದೂರಿಗೆ ಗೂಟ ಬಡಿದೆ. ಒಂದೇ ಟಾವೆಲ್ ನೇಯ್ದು ಮನೆಗೆ ಒಯ್ಯಬೇಕು ಎಂಬುದು ನನ್ನ ವಿಚಾರ. ಆದರೆ ಸರಪಳಿ ಕಟ್ಟಲು ಎರಡು ತಾಸು, ಬಿಚ್ಚಲು ಎರಡು ತಾಸು. ಅಷ್ಟು ಕಷ್ಟಪಟ್ಟು ಕಟ್ಟಿದ್ದನ್ನು ಒಂದು ಟಾವೆಲ್ಲಿಗೆ ಯಾರು ಬಿಚ್ಚುತ್ತಾರೆ? ಪಾಳಿ ಮುಗಿಯುವವರೆಗೆ ಮಗ್ಗ ಓಡುತ್ತಿತ್ತು. ಟಾವೆಲ್ಲಿನ ಅಂಚನ್ನು ಯಾರು ನೋಡುತ್ತಾರೆ ಎಂದು ಧೈರ್ಯ ತಂದುಕೊಂಡೆ. ಹನ್ನೊಂದು ದಿನದ ಹನ್ನೊಂದು ಟಾವೆಲ್ಲು ನಮ್ಮ ಅಡುಗೆಮನೆಯ ಹಗ್ಗದ ಮೇಲೆ ಜೋತುಬಿದ್ದವು. ಉಳಿದ ರಾಶಿಯನ್ನು ಹೆಂಡತಿ ಮಡಿಚಿ ಮಡಿಚಿ ಮಾಲಕರ ಗೋಡೌನಿಗೆ ಕಳಿಸಿದಳು.

ಅದೇ ವಾರ ಮಾಲಕರ ತಂಗಿಯ ಮಗಳ ಮದುವೆ, ಗಡಹಿಂಗ್ಲಜದಲ್ಲಿ. ನಮಗೂ ಕರೆ ಇತ್ತು, ಜೋಡಿಯಾಗಿ ಹೋದೆವು. ಮದುವೆಯಲ್ಲಿ ಬೀಗರಿಗೂ ಹಿರಿಯರಿಗೂ ಟಾವೆಲ್ ಹೊದಿಸಿ ಟೋಪಿ ಹಾಕಿ ಆಹೇರಿನ ಉಡುಗೊರೆ ಮಾಡುವುದು ನಮ್ಮ ಭಾಗದ ಪದ್ಧತಿ. ಮಗ್ಗದ ಮಾಲಕರ ಮನೆಯ ಮದುವೆಗೆ ಟಾವೆಲ್ ಹೊರಗಿನಿಂದ ತರುತ್ತಾರೆಯೇ? ಮೊದಲ ಹಿರಿಯರು ಟಾವೆಲ್ ಹೊದ್ದು ನನ್ನ ಕಡೆ ಬೆನ್ನು ತಿರುಗಿಸಿದರು. “ಹಾಸು ಹರಿದಿದೆ” ಎಂದು ಓದಿದೆ. ಗೋಡೌನಿಗೆ ಹೋದ ನನ್ನದೇ ರಾಶಿ ಅದು. ಹೆಣ್ಣಿನ ತಂದೆ, “ಎಣ್ಣೆ ಹಾಕಿ.” ಗಂಡಿನ ಸೋದರಮಾವ, “ಬಾಗಿಲು ಮುಚ್ಚಿಲ್ಲ.” ಊಟದ ಪಂಕ್ತಿ ಕೂತಾಗ ಇಡೀ ಸಾಲು ಕೆಟ್ಟು ನಿಂತ ಶೆಡ್ಡಾಗಿತ್ತು. ಹೆದರಿಕೆಯ ನಡುವೆ ಇನ್ನೊಂದು ತಿಳಿಯಿತು: ನಾನು ತಡವರಿಸದೆ ಓದುತ್ತಿದ್ದೆ.

“ಹೇಳ್ರಿ ಅವರಿಗೆ. ಮುಂದ ತಿಳದ್ರ ಇನ್ನೂ ಕೆಟ್ಟ,” ಎಂದು ಹೆಂಡತಿ ಚಿವುಟಿದಳು.

ಮಾಲಕರ ಪಕ್ಕ ಹೋಗಿ ಎಲ್ಲ ಒದರಿಬಿಟ್ಟೆ. ಅವರು ಬೀಗರ ಕಡೆ ನೋಡಿದರು, ನನ್ನ ಕಡೆ ನೋಡಿದರು. ಅವರ ಕತ್ತು ಕೆಂಪಾಯಿತು.

“ಅಲ್ಲಿ ಪೇಟಾ ಸುತ್ತಿದಾಂವಂದು ಏನು?”

“ಹೊಕ್ಕ ಹರದೈತ್ರಿ.”

“ಆ ಕನ್ನಡಕದವರದು?”

“ನಿಂದ್ರಸ್ರಿ ಅಂತೈತ್ರಿ.”

ಹತ್ತು ಜನರದನ್ನು ಕೇಳಿದರು, ಹತ್ತಕ್ಕೂ ಹೇಳಿದೆ. ಆಮೇಲೆ ತಮ್ಮ ಹೆಗಲ ಮೇಲಿನ ಅಂಚು ಎತ್ತಿ ಹಿಡಿದರು. “ನಂದು?”

ನಾನು ಊಟದ ಪಂಕ್ತಿಯ ಕಡೆ ತಿರುಗಿದೆ. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು.

“ಹೇಳೋ!”

“ಮೋಟಾರ್ ಭಾಳ ಕಾದೈತಿ, ತಣ್ಣಗ ಆಗಾಕ ಬಿಡ್ರಿ ಅಂತೈತ್ರಿ.”

ಮಾಲಕರು ಅಂಚನ್ನು ಕಣ್ಣ ಹತ್ತಿರ ತಂದು ನೋಡಿದರು. ಅಷ್ಟರಲ್ಲಿ ಬೀಗರು ಬಂದು, ಡಿಸೈನ್ ಫಾರ್ ಛಾನ್, ಬಹಳ ಚೆಂದ ಇದೆ, ನಮ್ಮ ಮನೆಯ ಮುಂಜಿಗೂ ಇದೇ ಬೇಕು ಎಂದು ಮರಾಠಿಯಲ್ಲಿ ಹೊಗಳಿದರು. ಮಾಲಕರು ಕೈಮುಗಿದರು. ನನಗೆ ಬೈಗುಳ ಬೀಳಲಿಲ್ಲ. ನನ್ನ ಕೆಲಸ ಉಳಿಯಿತು ಎಂದು ಆ ದಿನ ಎರಡು ಸಲ ಜಿಲೇಬಿ ಹಾಕಿಸಿಕೊಂಡೆ.

ಸೋಮವಾರ ಮಗ್ಗ ಮಾರಿದವರ ಕಡೆಯ ಎಂಜಿನಿಯರ್ ಸುಟ್ಟ ಬೇರಿಂಗ್ ನೋಡಲು ಬಂದ. ಪರದೆಯ ಬದಿಯ ಎರಡು ಗುಂಡಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದ. ಅಷ್ಟೂ ಚೀನೀ ಅಳಿಸಿಹೋಗಿ ಇಂಗ್ಲಿಷ್ ಬಂತು. ಇದನ್ನು ಮೊದಲೇ ಯಾಕೆ ಮಾಡಿಕೊಂಡಿಲ್ಲ ಎಂದು ನಮ್ಮನ್ನೇ ಕೇಳಿದ. ನಾಲ್ಕೂ ಮಗ್ಗ ಇಂಗ್ಲಿಷಾದವು. ಅಷ್ಟರಲ್ಲಿ ಒಂದು ಮಗ್ಗ ನಿಂತಿತು. ಮಾಲಕರು ಖುಷಿಯಾಗಿ ನನ್ನ ಕಡೆ ತಿರುಗಿ, “ಓದು ಈಗ. ಚೀನೀ ಓದಾಂವಗ ಇದೇನ್ ದೊಡ್ಡದು!” ಎಂದರು.

ನಾನು ನೋಡಿದೆ. ಹಾಸಿಗೂ ಹೊಕ್ಕಿಗೂ ಇಂಗ್ಲಿಷಿನಲ್ಲಿ ಮೊದಲ ಅಕ್ಷರ ಒಂದೇ ಎಂಬುದಷ್ಟು ಗೊತ್ತಿತ್ತು, ಮುಂದಿನದು ಕೂಡಿಬರಲಿಲ್ಲ. ಹತ್ತನೆಯ ಇಯತ್ತೆಯ ಪರೀಕ್ಷೆಯ ಬೆಂಚು ನೆನಪಾಯಿತು. ಶೆಡ್ಡಿನವರೆಲ್ಲ ಕಾಯುತ್ತಿದ್ದರು, ಬಾಗಿಲಲ್ಲಿ ಟಾವೆಲ್ ಮಡಿಚುವುದನ್ನು ಬಿಟ್ಟು ಹೆಂಡತಿ ಕೂಡ.

“ಮಾಲಕ್ರ, ಚೀನೀನ ಇರಲ್ರಿ,” ಎಂದೆ. “ಇಂಗ್ಲಿಷ್ ನನಗ ಬರೂದಿಲ್ಲ.”

ಎಂಜಿನಿಯರ್ ನಕ್ಕ. ಮಾಲಕರು ನಗಲಿಲ್ಲ. ಹೆಗಲ ಮೇಲಿನ ಟಾವೆಲ್ಲಿನಿಂದ ಕತ್ತು ಒರೆಸಿಕೊಂಡರು. ಅದು ಮದುವೆಯದೇ ಟಾವೆಲ್. ಆಮೇಲೆ ಅವನಿಗೆ, “ಮೊದ್ಲಿನಂಗ ಮಾಡ್ರಿ. ನಾಲ್ಕೂ,” ಎಂದರು.

ಅವನು ಗುಂಡಿ ಒತ್ತಿದ. ಪರದೆಯ ಮೇಲೆ ಅಕ್ಷರದ ಎಡಗಡೆ ಗಂಟು ಬಿದ್ದ ನೂಲು ತಿರುಗಿ ಬಂತು. ಹಾಸು ಹರಿದಿತ್ತು, ಹೋಗಿ ಕಟ್ಟಿದೆ.